ಅಡುಗೆಮನೆಯ ನೆಲ: ಮೊದಲು ಒಣಕಸ, ಆಮೇಲೆ ಜಿಡ್ಡು, ಕೊನೆಗೆ ನೀರು

ದಿನಾ ಒದ್ದೆ ಬಟ್ಟೆಯಲ್ಲಿ ಉದ್ದಿದರೂ (ಒರಸಿದರೂ) ಅಡುಗೆಮನೆಯ ನೆಲ ಕಾಲಿಗೆ ಅಂಟುತ್ತದೆ, ಒಲೆಯ ಎದುರು ಜಾರುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಂತೂ ಮುಗ್ಗಲು ವಾಸನೆ ಬಿಟ್ಟುಹೋಗುವುದೇ ಇಲ್ಲ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಹೆಂಗಸರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಹೆಚ್ಚಿನವರು ಅದಕ್ಕೆ ಫಿನೈಲ್ ಬದಲಿಸುತ್ತಾರೆ, ಇನ್ನೂ ಗಟ್ಟಿ ವಾಸನೆಯದ್ದು ತರುತ್ತಾರೆ. ಬಾಟಲಿ ಬದಲಿಸುವ ಮೊದಲು ಕೆಲಸದ ಕ್ರಮ ಬದಲಿಸಿ ನೋಡಿ ಎಂದು ನಾನು ಹೇಳುತ್ತೇನೆ. ಒಣಗಿದ ಕಸ ಒಣಗಿರುವಾಗಲೇ ಹೋಗಬೇಕು, ಎಣ್ಣೆಯ ಜಿಡ್ಡು ಬಿಸಿನೀರು ಮತ್ತು ಸೋಪಿಗೆ ಹೋಗಬೇಕು, ಸೋಪು ಬರಿ ನೀರಿಗೆ ಹೋಗಬೇಕು, ಆ ನೀರು ನೆಲದ ಮೇಲೆ ಉಳಿಯಬಾರದು. ಈ ನಾಲ್ಕರಲ್ಲಿ ಒಂದು ಹಿಂದುಮುಂದಾದರೂ ಎಷ್ಟು ತಿಕ್ಕಿದರೂ ಪ್ರಯೋಜನ ಕಡಿಮೆ.

ನಿಮ್ಮ ನೆಲ ಯಾವುದು?

ನಮ್ಮಲ್ಲಿ ಒಂದೇ ಮನೆಯಲ್ಲಿ ಮೂರು ತರಹದ ನೆಲ ಇರುವುದುಂಟು. ಹಳೆಯ ಭಾಗಕ್ಕೆ ರೆಡ್ ಆಕ್ಸೈಡಿನ ಕೆಂಪು ನೆಲ, ಆಮೇಲೆ ಸೇರಿಸಿ ಕಟ್ಟಿದ ಗ್ಯಾಸಿನ ಅಡುಗೆಮನೆಗೆ ಟೈಲ್ಸ್, ಹಿಂದಿನ ಸೌದೆ ಒಲೆಯ ಕೋಣೆಗೆ ಬರಿ ಸಿಮೆಂಟು, ಎಲ್ಲೋ ಕೆಲವು ಕಡೆ ಸೆಗಣಿ ಸಾರಿಸಿದ ಮಣ್ಣಿನ ನೆಲ. ಮೂರಕ್ಕೂ ಒಂದೇ ಬಕೆಟಿನ ನೀರು ಓಡಿಸುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ವಿಟ್ರಿಫೈಡ್ ಟೈಲ್ಸ್ ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಅದರ ಮೇಲೆ ಬಿದ್ದದ್ದೆಲ್ಲ ಮೇಲೆಯೇ ಇರುತ್ತದೆ, ಸುಲಭವಾಗಿ ಹೋಗುತ್ತದೆ. ಕೊಳೆ ಕೂರುವುದು ಟೈಲ್ಸಿನ ಸಂದಿನಲ್ಲಿ, ಯಾಕೆಂದರೆ ಸಂದಿಗೆ ತುಂಬಿದ್ದು ಸಾಮಾನ್ಯವಾಗಿ ಸಿಮೆಂಟು.

ಕೆಂಪು ನೆಲವೆಂದರೆ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಹುಡಿ ಬೆರೆಸಿ, ಕರಣೆಯಿಂದ ತಿಕ್ಕಿ ನುಣುಪು ತಂದ ನೆಲ. ಐವತ್ತು ವರ್ಷದ ಹಿಂದೆ ಹಾಕಿದ್ದು ಇಂದಿಗೂ ಮುಖ ಕಾಣುವಷ್ಟು ಹೊಳೆಯುವ ಮನೆಗಳು ನಮ್ಮ ಕಡೆ ಇವೆ. ಅಂಥ ನೆಲವಿದ್ದರೆ ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಅದಕ್ಕೆ ಆಗದ್ದು ಹುಳಿ. ನಿಂಬೆ, ವಿನೆಗರ್, ಕಕ್ಕಸು ತೊಳೆಯುವ ಆಸಿಡ್ ಎಲ್ಲವೂ ಸಿಮೆಂಟಿನಲ್ಲಿರುವ ಸುಣ್ಣದ ಅಂಶವನ್ನು ತಿನ್ನುತ್ತವೆ. ಮೊದಲ ಸಲ ಹಾಕಿದಾಗ ಕೊಳೆ ಹೋಗಿ ಚೆಂದ ಕಂಡೀತು. ಆದರೆ ಕೊಳೆಯ ಜೊತೆ ನುಣುಪಾದ ಮೇಲ್ಪದರವೂ ಹೋಗಿರುತ್ತದೆ. ಆಮೇಲೆ ಆ ಒರಟು ಜಾಗದಲ್ಲಿ ಜಿಡ್ಡು ಇನ್ನಷ್ಟು ಬೇಗ ಹಿಡಿಯುತ್ತದೆ.

ಯಾವ ನೆಲವೆಂದು ಗೊತ್ತಾಗದಿದ್ದರೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಡಿ. ಸಣ್ಣಗೆ ನೊರೆ ಬಂದರೆ ಅಲ್ಲಿ ಸಿಮೆಂಟೋ ಮಾರ್ಬಲ್ಲೋ ಇದೆ ಎಂದರ್ಥ. ತಕ್ಷಣ ನೀರು ಹಾಕಿ ಒರಸಿ, ಆ ನೆಲಕ್ಕೆ ಇನ್ನು ಮುಂದೆ ಹುಳಿ ತೋರಿಸಬೇಡಿ.

ಕೆಂಪು ನೆಲಕ್ಕೆ ತೆಂಗಿನೆಣ್ಣೆ ಹಚ್ಚಿ ಹೊಳಪು ಬರಿಸುವ ರೂಢಿ ಇದೆ. ಚಾವಡಿಗೆ ಅದು ಸರಿ. ಅಡುಗೆಮನೆಗೆ ಬೇಡವೇ ಬೇಡ. ಒದ್ದೆ ಕಾಲಲ್ಲಿ ಓಡಾಡುವ ಜಾಗವದು, ಬಿಸಿ ಪಾತ್ರೆ ಕೈಯಲ್ಲಿರುತ್ತದೆ.

ಮಣ್ಣಿನ ನೆಲವಾದರೆ ನೀರು, ಸೋಪು ಎರಡೂ ದೂರವಿರಲಿ. ಮೆತ್ತಗಿನ ಪೊರಕೆಯಲ್ಲಿ ಗುಡಿಸಿ, ಬಿರುಕಿದ್ದಲ್ಲಿ ಮಣ್ಣು ಮೆತ್ತಿ, ಸೆಗಣಿಗೆ ನುಣ್ಣಗೆ ಅರೆದ ಮಸಿ ಬೆರೆಸಿ ಅಡಿಕೆ ಹಾಳೆಯ ತುಂಡಿನಿಂದ ಸಾರಿಸಿ. ಪೂರ್ತಿ ಒಣಗುವವರೆಗೆ ಯಾರೂ ಮೆಟ್ಟಬಾರದು.

ದಿನನಿತ್ಯದ ಕೆಲಸ, ಹಂತ ಹಂತವಾಗಿ

ಹಂತ 1. ಒಲೆ, ಅಡುಗೆ ಕಟ್ಟೆ ಮೊದಲು ಒರಸಿ ಮುಗಿಸಿ. ಮೇಲಿನ ಕಸವೆಲ್ಲ ಕೆಳಗೆ ಬೀಳುತ್ತದೆ, ಹಾಗಾಗಿ ನೆಲದ ಸರದಿ ಕೊನೆಗೆ. ನೆಲದ ಮೇಲಿರುವ ಹೆರೆಮಣೆ, ಮೆಟ್ಟುಕತ್ತಿ, ಅಕ್ಕಿಯ ಡ್ರಮ್ಮು, ಬಾಳೆಗೊನೆ ಎಲ್ಲ ಹೊರಗಿಡಿ. ಗ್ರೈಂಡರಿನ ಪ್ಲಗ್ ತೆಗೆದು ವಯರನ್ನು ಮೇಲೆ ಸುತ್ತಿಡಿ.

ಹಂತ 2. ಒಣಗಿರುವಾಗಲೇ ಗುಡಿಸಿ. ಇದನ್ನು ಬಿಟ್ಟು ನೇರ ಒದ್ದೆ ಬಟ್ಟೆ ಹಾಕುವವರು ಬಹಳ ಮಂದಿ. ಕಾಯಿ ಹೆರೆಯುವಾಗ ಹಾರಿದ ತುರಿಗೆ ನೀರು ತಾಗಿದರೆ ಅದು ನೆಲಕ್ಕೆ ಅಂಟಿ, ಉಜ್ಜಿದಾಗ ಎಣ್ಣೆ ಬಿಡುತ್ತದೆ. ಆ ಎಣ್ಣೆ ಇಡೀ ನೆಲಕ್ಕೆ ಹರಡುತ್ತದೆ, ರಾತ್ರಿ ಇರುವೆ ಸಾಲು ಬರುತ್ತದೆ. ಒಳಗೆ ಗುಡಿಸಲು ಹುಲ್ಲಿನ ಮೆತ್ತಗಿನ ಪೊರಕೆ ಇರಲಿ. ಹಿಡಿಸೂಡಿಯ ಕಡ್ಡಿ ಗಟ್ಟಿ, ಅದು ಸಣ್ಣ ಕಸವನ್ನು ಹಾರಿಸುತ್ತದೆಯೇ ಹೊರತು ಒಟ್ಟು ಮಾಡುವುದಿಲ್ಲ. ಅದರ ಜಾಗ ಅಂಗಳ.

ಹಂತ 3. ಒಣಗಿ ಹಿಡಿದದ್ದನ್ನು ನೆನೆಯಲು ಬಿಡಿ. ಗಂಜಿ ತೆಳಿ, ದೋಸೆ ಹಿಟ್ಟು ಚೆಲ್ಲಿ ಒಣಗಿದರೆ ಪದರವಾಗಿ ನಿಲ್ಲುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಹಾಸಿ ಐದು ನಿಮಿಷ ಬೇರೆ ಕೆಲಸ ನೋಡಿ. ಆಮೇಲೆ ಗೆರಟೆ ತುಂಡಿನಿಂದ ಮೆಲ್ಲಗೆ ಎಬ್ಬಿಸಿದರೆ ಎದ್ದು ಬರುತ್ತದೆ. ಚೂರಿಯಿಂದ ಕೆರೆದರೆ ನೆಲಕ್ಕೆ ಗೀರು.

ಹಂತ 4. ಅರ್ಧ ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಹಾ ಚಮಚ. ಅಷ್ಟೇ ಸಾಕು. ನೀರು ಕೈ ತಾಳುವಷ್ಟು ಬಿಸಿ ಇರಲಿ. ನಮ್ಮ ಅಡುಗೆ ತೆಂಗಿನೆಣ್ಣೆಯದ್ದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಕೂತಿರುವಾಗ ನೆಲದ ಮೇಲಿನ ಜಿಡ್ಡು ಕೂಡ ಹಾಗೆಯೇ ಕೂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಆ ದಿನಗಳಲ್ಲಿ ತಣ್ಣೀರಲ್ಲಿ ಉದ್ದಿದರೆ ಜಿಡ್ಡು ಜಾಗ ಬದಲಿಸುತ್ತದೆ, ಹೋಗುವುದಿಲ್ಲ. ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಬನ್ನಿ. ಒಲೆಯ ಎದುರಿನ ಎರಡು ಹೆಜ್ಜೆ ಜಾಗಕ್ಕೆ ಎರಡು ಸಲ ಉದ್ದಿ, ಒಗ್ಗರಣೆಯ ಎಣ್ಣೆ ಸಿಡಿಯುವುದು ಅಲ್ಲಿಗೆ.

ಹಂತ 5. ಬೇರೆ ಬಕೆಟಿನ ಬರಿ ನೀರಿನಲ್ಲಿ ಬಟ್ಟೆ ಹಿಂಡಿ ಇನ್ನೊಮ್ಮೆ ಉದ್ದಿ. ಎರಡು ಬಕೆಟ್ ಬೇಕೇ ಬೇಕು. ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಾಡುವ ನೀರು. ಜಾಲಾಡುವ ನೀರು ಮಣ್ಣಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಬೇರೆ ತೆಗೆದುಕೊಳ್ಳಿ.

ಹಂತ 6. ಒಣ ಬೈರಾಸಿನಿಂದ ಒರಸಿ, ಫ್ಯಾನ್ ಇದ್ದರೆ ಹಾಕಿ, ಕಿಟಕಿ ತೆರೆದಿಡಿ. ಹಳೆಯ ಹತ್ತಿ ಬೈರಾಸಿಗಿಂತ ಒಳ್ಳೆಯ ನೆಲದ ಬಟ್ಟೆ ನನಗೆ ಅಂಗಡಿಯಲ್ಲಿ ಸಿಕ್ಕಿಲ್ಲ. ನೀರು ಹೀರುತ್ತದೆ, ಬೇಗ ಒಣಗುತ್ತದೆ, ಕುದಿಸಿದರೂ ಹಾಳಾಗುವುದಿಲ್ಲ. ಮಂಡಿನೋವಿದ್ದವರು ಕುಕ್ಕರಗಾಲಲ್ಲಿ ಕೂರುವ ಹಟ ಬಿಟ್ಟು ಉದ್ದ ಕೋಲಿನ ಮಾಪಿಗೆ ಅದೇ ಬೈರಾಸು ಸುತ್ತಿಕೊಳ್ಳಲಿ.

ನೆರೆಮನೆಯ ತಂಗಿಯೊಬ್ಬಳು ಕೇಳುತ್ತಿದ್ದಳು, "ಅಕ್ಕಾ, ನಾನು ಎರಡೆರಡು ಮುಚ್ಚಳ ಲಿಕ್ವಿಡ್ ಹಾಕಿ ಉದ್ದುತ್ತೇನೆ, ಆದರೂ ಜಾರುತ್ತದಲ್ಲ, ಯಾಕೆ?" ಜಾರುವುದು ಆ ಎರಡನೇ ಮುಚ್ಚಳದಿಂದಲೇ. ತೊಳೆದು ಹೋಗದ ಸೋಪು ಒಣಗಿ ತೆಳ್ಳಗಿನ ಪದರವಾಗುತ್ತದೆ. ಅದಕ್ಕೆ ಎಣ್ಣೆಯ ಹಬೆ ಸೇರುತ್ತದೆ, ಧೂಳು ಅಂಟುತ್ತದೆ, ಕಾಲಿನ ನೀರು ತಾಗಿದರೆ ಜಾರುತ್ತದೆ. ಇಂಥ ನೆಲವನ್ನು ಎರಡು ಮೂರು ದಿನ ಸೋಪಿಲ್ಲದೆ ಬರಿ ಬಿಸಿನೀರಲ್ಲಿ ಉದ್ದಿದರೆ ಆ ಪದರ ಬಿಟ್ಟು ಬರುತ್ತದೆ. ಬಕೆಟಿನ ನೀರಿನಲ್ಲಿ ನೊರೆ ಬರುವುದು ನಿಂತಿತು ಎಂದರೆ ನೆಲ ಶುದ್ಧವಾಯಿತು.

ಎಣ್ಣೆ ಚೆಲ್ಲಿದರೆ

ನೀರು ಮುಟ್ಟಿಸಬೇಡಿ. ಸೌದೆ ಒಲೆ ಇರುವ ಮನೆಯಾದರೆ ತಣ್ಣಗಾದ ಬೂದಿ, ಇಲ್ಲದಿದ್ದರೆ ಅಕ್ಕಿಹಿಟ್ಟೋ ಕಡಲೆಹಿಟ್ಟೋ ಎಣ್ಣೆಯ ಮೇಲೆ ಧಾರಾಳ ಉದುರಿಸಿ. ಹತ್ತು ನಿಮಿಷದಲ್ಲಿ ಎಣ್ಣೆ ಹೀರಿ ಮುದ್ದೆಯಾಗುತ್ತದೆ. ಹಳೆ ಪೇಪರಿನಿಂದ ಅದನ್ನು ಎತ್ತಿ ತೆಗೆದ ಮೇಲೆ ಬಿಸಿ ಸೋಪು ನೀರು. ಬೂದಿಯಲ್ಲಿ ಕ್ಷಾರ ಇರುವುದರಿಂದ ಜಿಡ್ಡನ್ನು ಅದೂ ಸ್ವಲ್ಪ ಕಳೆಯುತ್ತದೆ, ಹಿಂದಿನವರು ಪಾತ್ರೆಗೆ ಬಳಸಿದ್ದು ಸುಮ್ಮನೆ ಅಲ್ಲ. ಹೊಳಪಿನ ಟೈಲ್ಸ್ ಮೇಲೆ ಮಾತ್ರ ಬೂದಿ ಹಾಕಿ ತಿಕ್ಕಬೇಡಿ, ಅದರಲ್ಲಿರುವ ಮರಳು ಗೀರು ಹಾಕುತ್ತದೆ. ಉದುರಿಸಿ ಎತ್ತುವುದಷ್ಟೆ.

ಹಳೆಯ ಜಿಡ್ಡು ಕಪ್ಪಾಗಿ ಹಿಡಿದಿದ್ದರೆ ಅರ್ಧ ಬಕೆಟ್ ಬಿಸಿನೀರಿಗೆ ಬಟ್ಟೆ ಸೋಡ ಎರಡು ದೊಡ್ಡ ಚಮಚ ಕರಗಿಸಿ, ಕೈಗೆ ಗವಸು ಹಾಕಿ, ನೆಲಕ್ಕೆ ಹರಡಿ ಹತ್ತು ನಿಮಿಷ ಬಿಟ್ಟು ಉಜ್ಜಿ. ತೆಂಗಿನ ನಾರು ಇದಕ್ಕೆ ಒಳ್ಳೆಯದು. ಸ್ಟೀಲಿನ ಉಜ್ಜುಗ ಬೇಡ, ಅದರ ಎಳೆ ಮುರಿದು ಸಂದಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ.

ನಮ್ಮ ಊರಿನ ಕಲೆಗಳು

ಹಲಸಿನ ಮೇಣ. ಏಪ್ರಿಲಿನಿಂದ ಮಳೆ ಹಿಡಿಯುವವರೆಗೆ ಹಲಸಿನ ಕೆಲಸ ಇಲ್ಲದ ಅಡುಗೆಮನೆ ನಮ್ಮಲ್ಲಿಲ್ಲ. ಸೊಳೆ ಬಿಡಿಸುವುದು, ಉಪ್ಪಿನಲ್ಲಿ ಹಾಕುವುದು, ಹಪ್ಪಳ. ಮೇಣ ನೀರಿಗೆ ಕರಗುವುದಿಲ್ಲ, ನೀರು ಬಿದ್ದಷ್ಟೂ ಗಟ್ಟಿಯಾಗುತ್ತದೆ. ಎಣ್ಣೆಗೆ ಮಾತ್ರ ಬಗ್ಗುತ್ತದೆ. ಮೇಣದ ಮೇಲೆ ತೆಂಗಿನೆಣ್ಣೆ ಸವರಿ ಕಾಲು ಗಂಟೆ ಬಿಟ್ಟು, ಪೇಪರಿನಲ್ಲಿ ಉರುಟಿ ತೆಗೆದು, ಆಮೇಲೆ ಎಣ್ಣೆ ಹೋಗುವಂತೆ ಬಿಸಿ ಸೋಪು ನೀರಲ್ಲಿ ಉದ್ದಿ. ಕೊಯ್ಯುವ ಮೊದಲೇ ಬಾಳೆಲೆ ಹಾಸಿಕೊಂಡರೆ ಇಷ್ಟು ಕೆಲಸವೇ ಇಲ್ಲ. ಹಪ್ಪಳದ ದಿನ ನೆಲಕ್ಕೆ ಬಿದ್ದ ಹಿಟ್ಟನ್ನು ಅಂದೇ ಸಂಜೆ ತೆಗೆಯಿರಿ. ಮರುದಿನಕ್ಕೆ ಉಳಿದರೆ ಅದು ನೆಲದ ಭಾಗವೇ ಆಗಿಬಿಡುತ್ತದೆ.

ಗೇರುಬೀಜದ ಸೊನೆ. ಹಸಿ ಗೇರುಬೀಜ ಸೀಳಿ ಪಲ್ಯಕ್ಕೆ ತೆಗೆಯುವ ಕಾಲದಲ್ಲಿ ನೆಲಕ್ಕೆ ಬೀಳುವ ಈ ಸೊನೆಯನ್ನು ಬರಿಗೈಯಲ್ಲಿ ಒರಸಬಾರದು. ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಮಕ್ಕಳು ಅದರ ಮೇಲೆ ಬರಿಗಾಲಲ್ಲಿ ಓಡಬಾರದು. ಗವಸು ಹಾಕಿ, ಬೂದಿ ಉದುರಿಸಿ, ಪೇಪರಿನಲ್ಲಿ ತೆಗೆದು, ಸೋಪು ನೀರಲ್ಲಿ ಎರಡು ಸಲ ಉದ್ದಿ. ಒರಸಿದ ಬಟ್ಟೆಯನ್ನು ಮತ್ತೆ ಬಳಸದೆ ಬಿಸಾಡುವುದೇ ಲೇಸು.

ಅರಸಿನ. ಬಿಳಿ ಸಂದಿಗೆ ಅರಸಿನ ಬಿದ್ದು ಸೋಪು ಹಾಕಿದಾಗ ಕಲೆ ಕೆಂಪಾಗುತ್ತದೆ. ಗಾಬರಿಯಾಗಬೇಡಿ. ಕ್ಷಾರ ತಾಗಿದರೆ ಅರಸಿನ ಕೆಂಪಾಗುವುದು ಅದರ ಗುಣ, ಆರತಿಗೆ ಕುರ್ದಿ ನೀರು ಮಾಡುವಾಗ ಸುಣ್ಣ ಹಾಕಿದೊಡನೆ ಕೆಂಪಾಗುವುದೂ ಇದೇ ಕಾರಣಕ್ಕೆ. ನೀರಲ್ಲಿ ಚೆನ್ನಾಗಿ ತೊಳೆದರೆ ಹಳದಿಗೆ ತಿರುಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ. ಬಿಸಿಲು ಬೀಳುವ ಜಾಗವಾದರೆ ನಾಲ್ಕು ದಿನ ಸುಮ್ಮನೆ ಬಿಡಿ.

ಮೀನಿನ ವಾಸನೆ. ಬೂತಾಯಿ, ಬಂಗುಡೆ ಕೊಯ್ದ ನೀರು ನೆಲಕ್ಕೆ ಬಿದ್ದರೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತ, ಮಾಂಸದ ಅಂಶ ಬೆಂದು ನೆಲಕ್ಕೇ ಹಿಡಿಯುತ್ತದೆ. ತಣ್ಣೀರಲ್ಲಿ ತೊಳೆದು, ಸೋಪು ಹಾಕಿ ಉಜ್ಜಿ, ಟೈಲ್ಸ್ ಆಗಿದ್ದರೆ ಕೊನೆಗೆ ಹುಳಿ ನೀರು ಅಥವಾ ಜಜ್ಜಿದ ಬಿಂಬುಳಿ ಎಂಬ ಹುಳಿಕಾಯಿಯ ರಸ ಸವರಿ ತೊಳೆಯಿರಿ. ಮೀನಿನ ವಾಸನೆ ಕ್ಷಾರದ ಜಾತಿಯದ್ದು, ಹುಳಿಗೆ ಅಡಗುತ್ತದೆ. ಕೆಂಪು ನೆಲದಲ್ಲಿ ಹುಳಿಯ ಬದಲು ಸೋಪು ನೀರನ್ನೇ ಎರಡು ಸಲ ಮಾಡಿ.

ಸಿಲಿಂಡರಿನ ತುಕ್ಕಿನ ಉಂಗುರ. ಟೈಲ್ಸ್ ಮೇಲಿನ ಈ ಕೆಂಪು ಉಂಗುರಕ್ಕೂ ಬಿಂಬುಳಿಯೇ ಮದ್ದು. ಸೀಳಿದ ಕಾಯಿಂದ ತಿಕ್ಕಿ, ಐದು ನಿಮಿಷ ಬಿಟ್ಟು, ಚೆನ್ನಾಗಿ ನೀರು ಹಾಕಿ. ಸಂದಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸಬೇಡಿ. ಚಕ್ರದ ಸ್ಟ್ಯಾಂಡ್ ಒಂದು ತಂದಿಟ್ಟರೆ ತುಕ್ಕು ಮತ್ತೆ ಬರುವುದಿಲ್ಲ.

ಕಪ್ಪಾದ ಸಂದಿಗೆ ಅಡಿಗೆ ಸೋಡವನ್ನು ಸ್ವಲ್ಪ ನೀರಲ್ಲಿ ಕಲಸಿ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಸೋಡ ಹಾಕಿ ಅದರ ಮೇಲೆ ವಿನೆಗರ್ ಸುರಿಯಿರಿ ಎಂದು ವೀಡಿಯೊಗಳಲ್ಲಿ ತೋರಿಸುತ್ತಾರೆ. ಉಕ್ಕಿ ಬರುವ ನೊರೆ ನೋಡಲು ಚೆಂದ, ಆದರೆ ಕ್ಷಾರವೂ ಹುಳಿಯೂ ಒಂದನ್ನೊಂದು ಕೊಂದು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಎರಡರ ದುಡ್ಡೂ ದಂಡ.

ಇರುವೆ ಸಾಲು ಕಂಡರೆ ಅದು ನಡೆದ ದಾರಿಯನ್ನೇ ಸೋಪು ನೀರಲ್ಲಿ ಒರಸಿ. ಹಿಂದಿನ ಇರುವೆ ಮುಂದಿನದ್ದು ಬಿಟ್ಟ ವಾಸನೆ ಹಿಡಿದು ಬರುವುದು, ಆ ವಾಸನೆ ಅಳಿದರೆ ಸಾಲು ಚದುರುತ್ತದೆ.

ಔಷಧದ ಬಾಟಲಿಗಳ ವಿಷಯ

ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ನೆಲ ಒರಸುವ ಬಾಟಲಿಗಳ ಮೇಲೆ ಬರಹ ಇರುವುದು ಇಂಗ್ಲಿಷಿನಲ್ಲಿ, ಕೆಲವದರಲ್ಲಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅಮ್ಮ, ಅತ್ತೆ, ದೊಡ್ಡಮ್ಮಂದಿರು ಬಣ್ಣ ಮತ್ತು ಆಕಾರ ನೋಡಿ ಬಾಟಲಿ ಗುರುತಿಸುತ್ತಾರೆ. ಮನೆಯಲ್ಲಿ ಓದಬಲ್ಲ ಮಕ್ಕಳಿಂದ ಓದಿಸಿ, ದಪ್ಪ ಮಾರ್ಕರಿನಲ್ಲಿ ಬಾಟಲಿಯ ಮೇಲೆಯೇ ಕನ್ನಡದಲ್ಲಿ ಬರೆದಿಡಿ: "ಆಸಿಡ್, ಕಕ್ಕಸಿಗೆ ಮಾತ್ರ", "ಬ್ಲೀಚ್, ಯಾವುದಕ್ಕೂ ಬೆರೆಸಬಾರದು". ಖಾಲಿ ಜ್ಯೂಸ್ ಬಾಟಲಿಗೆ ಯಾವ ಔಷಧವನ್ನೂ ಸುರಿದಿಡಬೇಡಿ.

ಬೆರೆಸಬಾರದು ಎಂದದ್ದಕ್ಕೆ ಕಾರಣವಿದೆ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯ ಇರುವ ಔಷಧ ಸೇರಿದರೂ ವಿಷದ ಹಬೆ. ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಇದು ಜೀವಕ್ಕೇ ಅಪಾಯ. ಕಣ್ಣು, ಗಂಟಲು ಉರಿಯುವ ವಾಸನೆ ಬಂದರೆ ಬಕೆಟ್ ಅಲ್ಲೇ ಬಿಟ್ಟು ಎಲ್ಲರೂ ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ದಿನಾ ಕ್ರಿಮಿನಾಶಕ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ಮನೆಯಲ್ಲಿ ವಾಂತಿಭೇದಿ ಆದಾಗ, ಹಸಿ ಮಾಂಸ, ಮೀನಿನ ನೀರು ಚೆಲ್ಲಿದಾಗ ಬೇಕು. ಆಗ ಸುಮಾರು ಶೇಕಡ 5ರ ಹೈಪೋಕ್ಲೋರೈಟ್ ಬ್ಲೀಚನ್ನು ಒಂದು ಲೀಟರ್ ನೀರಿಗೆ 20 ಮಿಲಿಲೀಟರಿನಷ್ಟು ಬೆರೆಸಿ. ತಣ್ಣೀರೇ ಇರಲಿ, ಬಿಸಿನೀರಲ್ಲಿ ಅದರ ಶಕ್ತಿ ಕುಂದುತ್ತದೆ. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಸೋಪು ಹೋದ ಮೇಲೆ ಇದನ್ನು ಹಚ್ಚಿ, ಹತ್ತು ನಿಮಿಷ ಒದ್ದೆಯಾಗಿಯೇ ಇರಲು ಬಿಟ್ಟು, ಬರಿ ನೀರಲ್ಲಿ ಉದ್ದಿ ತೆಗೆಯಿರಿ. ಕೊಳೆಯ ಮೇಲೆ ಹಾಕಿದ ಬ್ಲೀಚ್ ಕೊಳೆಯ ಜೊತೆಗೇ ಮುಗಿದುಹೋಗುತ್ತದೆ, ಕ್ರಿಮಿಗೆ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಫಿನೈಲ್ ಬೇಡ. ಕಾಲಿಗೆ ಹಿಡಿದದ್ದನ್ನು ಅದು ನೆಕ್ಕುತ್ತದೆ, ಅದರ ಮೈಗೆ ಅದು ವಿಷ.

ಮಳೆಗಾಲ, ಬೇಸಗೆ

ಕಾಸರಗೋಡಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಾಳಿಯಲ್ಲೇ ನೀರಿರುವಾಗ ತಣ್ಣಗಿನ ನೆಲ ತಾನಾಗಿ ಬೆವರುತ್ತದೆ. ಇಂಥ ದಿನ ಬಕೆಟುಗಟ್ಟಲೆ ನೀರು ಹಾಕಿ ತೊಳೆಯುವುದು ತಪ್ಪು. ಬಟ್ಟೆಯನ್ನು ಬಲವಾಗಿ ಹಿಂಡಿ ಒಮ್ಮೆ ಉದ್ದಿ, ಹಿಂದೆಯೇ ಒಣ ಬಟ್ಟೆ ಹಾಕಿ. ಉದ್ದಲು ಒಳ್ಳೆಯ ಹೊತ್ತು ಮಧ್ಯಾಹ್ನದ ಅಡುಗೆ ಮುಗಿದ ಕೂಡಲೇ, ಒಲೆಯ ಬಿಸಿ ಕೋಣೆಯಲ್ಲಿ ಇನ್ನೂ ಇರುವಾಗ. ರಾತ್ರಿ ಮಲಗುವ ಮೊದಲು ನೆಲದ ಮೇಲೆ ನೀರಿನ ಹನಿ ಇಲ್ಲದಂತೆ ನೋಡಿಕೊಂಡರೆ ಜಿರಳೆಯೂ ಕಡಿಮೆ. ಹಿಂಬಾಗಿಲಿನ ಹೊರಗೆ ಪಾಚಿ ಕಟ್ಟುವ ಕಲ್ಲನ್ನು ವಾರಕ್ಕೊಮ್ಮೆ ಹಿಡಿಸೂಡಿಯಿಂದ ಉಜ್ಜಿ, ಒಳಗೆ ಕಾಲಿಡುವಲ್ಲಿ ಗೋಣಿ ಹಾಕಿ. ಆ ಗೋಣಿ ದಿನಾ ಬದಲಾಗಬೇಕು.

ಏಪ್ರಿಲ್, ಮೇ ಬಂತೆಂದರೆ ಕಷ್ಟ ತಿರುಗಾಮುರುಗಾ. ಬಾವಿಯ ತಳ ಕಾಣುತ್ತದೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬೆರಳಿನಷ್ಟಕ್ಕೆ ಇಳಿಯುತ್ತದೆ. ಆಗ ಅಕ್ಕಿ ತೊಳೆದ ನೀರು ದನಕ್ಕೆ ಹೋಗಲಿ, ತರಕಾರಿ ತೊಳೆದ ನೀರನ್ನು ಸೋಸಿ ಮೊದಲ ಉದ್ದಿಗೆ ಬಳಸಿ, ಒಳ್ಳೆಯ ನೀರು ಅರ್ಧ ಬಕೆಟ್ ಕೊನೆಯ ಉದ್ದಿಗೆ ಸಾಕು. ಗುಡಿಸುವುದು ಚೆನ್ನಾಗಿ ಆಗಿದ್ದರೆ ನೀರು ಇಷ್ಟೇ ಬೇಕಾಗುವುದು.

ಉದ್ದಿದ ನೀರು ಎಲ್ಲಿಗೆ ಎಂಬುದೂ ಯೋಚಿಸಬೇಕಾದ್ದೇ. ತೆಳು ಸೋಪಿನ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದು, ದಿನಾ ಒಂದೇ ಬುಡಕ್ಕೆ ಬೇಡ. ಫಿನೈಲ್, ಬ್ಲೀಚ್, ಬಟ್ಟೆ ಸೋಡದ ನೀರು ಬಾವಿಯ ಹತ್ತಿರಕ್ಕಾಗಲಿ ಗಿಡಗಳಿಗಾಗಲಿ ಹೋಗಬಾರದು. ಗೋಬರ್ ಗ್ಯಾಸ್ ಇರುವ ಮನೆಯವರು ಅದರ ಗುಂಡಿಗೆ ಈ ನೀರು ಒಂದು ತಂಬಿಗೆಯೂ ಹೋಗದಂತೆ ನೋಡಿಕೊಳ್ಳಿ. ಸೆಗಣಿಯಿಂದ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಸತ್ತರೆ ಒಲೆ ಉರಿಯುವುದಿಲ್ಲ. ಖಾಲಿ ಬಾಟಲಿಗಳನ್ನು ತೊಳೆದು ಒಣಗಿಸಿ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ.

ಕೊನೆಗೆ ಆ ಬಟ್ಟೆ. ನೆಲದ ಬಟ್ಟೆಯೂ ಒಲೆಯ ಹತ್ತಿರದ ಮಸಿಬಟ್ಟೆಯೂ ಎಂದೂ ಒಂದೇ ಆಗಬಾರದು, ಒಂದೇ ಬಕೆಟಿನಲ್ಲಿ ತೊಳೆಯಲೂಬಾರದು. ಉದ್ದಿದ ಮೇಲೆ ಸೋಪಿನಲ್ಲಿ ಒಗೆದು, ಹಿಂಡಿ, ಬಿಡಿಸಿ ಒಣಗಿಸಿ. ಮುದ್ದೆಯಾಗಿ ಮೂಲೆಯಲ್ಲಿ ಬಿದ್ದ ಬಟ್ಟೆಯೇ ಮುಗ್ಗಲು ವಾಸನೆಯ ಮೂಲ, ಮರುದಿನ ಅದರಲ್ಲೇ ಉದ್ದಿದರೆ ವಾಸನೆ ಇಡೀ ನೆಲಕ್ಕೆ. ವಾರಕ್ಕೊಮ್ಮೆ ಹಳೆಯ ಪಾತ್ರೆಯೊಂದರಲ್ಲಿ ಸೋಪಿನ ಹುಡಿ ಹಾಕಿ ಹತ್ತು ನಿಮಿಷ ಕುದಿಸಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಬಹುದು. ಬದಲಿಗೆ ಇನ್ನೆರಡು ಬಟ್ಟೆ ಯಾವಾಗಲೂ ಒಣಗಿ ಸಿದ್ಧವಿರಲಿ.